ಅಜ್ಜನ ಎರಡು ಮೊಳ

‘ಎಲ್ಕ್’ ಎಂಬ ಒಂದೇ ಹೆಸರಿಗೆ ಮೂರು ಪ್ರಾಣಿಗಳಿವೆ. ಯುರೋಪಿನಲ್ಲಿ ಎಲ್ಕ್ ಅಂದರೆ ಅಗಲ ಹಲಗೆಯಂಥ ಕೊಂಬಿನ ದೈತ್ಯ, ಅಮೆರಿಕದವರು ಅದನ್ನು ಮೂಸ್ ಅನ್ನುತ್ತಾರೆ. ಯುರೋಪಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರು ಅಲ್ಲಿ ಬೇರೊಂದು ದೊಡ್ಡ ಜಿಂಕೆಯನ್ನು ಕಂಡು ಅದಕ್ಕೆ ಎಲ್ಕ್ ಎಂದು ಹೆಸರಿಟ್ಟರು. ಅಲ್ಲಿನ ಶಾನಿ ಜನರ ಮಾತಿನಲ್ಲಿ ಅದು ವಾಪಿಟಿ. ಸಿಲೋನಿಗೂ ದಕ್ಷಿಣ ಭಾರತಕ್ಕೂ ಬಂದ ಬ್ರಿಟಿಷ್ ಶಿಕಾರಿಗಳು ನಮ್ಮ ಕಡವೆಯನ್ನೇ ಎಲ್ಕ್ ಅಂದರು. 1850ರ ದಶಕದಲ್ಲಿ ಸ್ಯಾಮ್ಯುಯೆಲ್ ಬೇಕರ್ ಬರೆದ ಪುಸ್ತಕದಲ್ಲಿ ನುವಾರ ಎಲಿಯದ ಬೆಟ್ಟಗಳಲ್ಲಿ ನಾಯಿಗಳು ಬೆನ್ನಟ್ಟುವ ಎಲ್ಕ್‌ಗಳೆಲ್ಲ ಕಡವೆಗಳೇ.

ಈ ಗೊಂದಲ ನನಗೆ ದಿನನಿತ್ಯದ ಕೆಲಸ. ನನ್ನ ಪಿಎಚ್.ಡಿ. ವಿಷಯ ದಕ್ಷಿಣ ಭಾರತದ ಶಿಕಾರಿ ಬರಹಗಳು. ತೋರಣಗಲ್ಲಿನಿಂದ ಹೊಸಪೇಟೆಗೆ, ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಬಸ್ಸಿನಲ್ಲಿ ಹೋಗಿಬರುವಾಗ ತೊಡೆಯ ಮೇಲೆ ಇಂಥದ್ದೇ ಒಂದು ಪುಸ್ತಕದ ಜೆರಾಕ್ಸ್ ಇರುತ್ತದೆ. ನಮ್ಮದು ಬೇಡರ ಮನೆತನ. ಮನೆಯಲ್ಲಿ ಈಗ ಯಾರೂ ಬೇಟೆಯಾಡುವುದಿಲ್ಲ. ಅಪ್ಪ ಸ್ಟೀಲ್ ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೆಲಸ ಮಾಡಿದವರು, ನಾನು ಬೇಟೆಯ ಬಗ್ಗೆ ಓದುವವಳು. ನಿಜವಾಗಿ ಬೇಟೆಯಾಡಲು ಲೈಸೆನ್ಸ್ ಇರುವವನು ಮನೆಯಲ್ಲಿ ಒಬ್ಬನೇ, ಚಿಕ್ಕಪ್ಪನ ಮಗ. ಅವನಿರುವುದು ಡೆನ್ವರಿನಲ್ಲಿ.

ಕಳೆದ ಫೆಬ್ರವರಿಯಲ್ಲಿ ಅವನು ಫೋನು ಮಾಡಿ, “ತಂಗಿ, ನೀ ಬ್ಯಾಟಿ ಪುಸ್ತಕ ಓದಾಕಿ. ಈ ಸಲ ಯಾವ ಯೂನಿಟ್ಟಿಗೆ ಹೋಗ್ಲಿ ಹೇಳು” ಅಂದ. ಎರಡು ವರ್ಷ ಎಲ್ಕ್ ಬೇಟೆಗೆ ಹೋಗಿ ಬರಿಗೈಯಲ್ಲಿ ಬಂದಿದ್ದ. ಚಿಕ್ಕಪ್ಪ ಊರಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದರು: ಮಗ ಅಮೆರಿಕದಾಗ ಕಡವಿ ಹೊಡೀತಾನ, ಅಜ್ಜ ನೋಡಿದ್ದಕ್ಕಿಂತ ದೊಡ್ಡದು, ಕೊಂಬು ಗ್ವಾಡಿಗೆ ಹಾಕ್ತಾನ ಅಂತ. ಅಣ್ಣ ಈಗ ಇನ್ನೊಂದು ದಾರಿ ಯೋಚಿಸುತ್ತಿದ್ದ. ಖಾಸಗಿ ರ‍್ಯಾಂಚುಗಳಲ್ಲಿ ಹತ್ತು ಸಾವಿರ ಡಾಲರಿಗೂ ಮಿಕ್ಕಿ ಕೊಟ್ಟರೆ ದೊಡ್ಡ ಗಂಡನ್ನು ತೋರಿಸುವ ಗೈಡುಗಳಿದ್ದಾರೆ. ಊರಿನ ಮನೆಗೆ ಸ್ಲ್ಯಾಬ್ ಹಾಕಲು ಎತ್ತಿಟ್ಟ ದುಡ್ಡು ಅಷ್ಟೇ ಇತ್ತು.

ಹಾಗಾಗಿ ಎರಡು ತಿಂಗಳು ನಾನು ಕಂಪ್ಲಿ, ಸಂಡೂರಿನ ಜೊತೆಗೆ ಕೊಲೊರಾಡೊದ ನಕ್ಷೆಯನ್ನೂ ಓದಿದೆ.

ಅಮೆರಿಕದ ರಾಜ್ಯಗಳಲ್ಲಿ ಎಲ್ಕ್‌ಗಳು ಅತಿ ಹೆಚ್ಚು ಇರುವುದು ಕೊಲೊರಾಡೊದಲ್ಲಿ, ಎರಡೂವರೆ ಲಕ್ಷಕ್ಕೂ ಮೇಲೆ. ರಾಜ್ಯವನ್ನು ಸಂಖ್ಯೆ ಹಾಕಿದ ಯೂನಿಟ್ಟುಗಳಾಗಿ ಹಂಚಿದ್ದಾರೆ. ಕೆಲವಕ್ಕೆ ಟ್ಯಾಗನ್ನು ಅಂಗಡಿಗೆ ಹೋಗಿ ಕೊಳ್ಳಬಹುದು. ಕೆಲವಕ್ಕೆ ಏಪ್ರಿಲಿನಲ್ಲಿ ಅರ್ಜಿ ಹಾಕಿ ಡ್ರಾಗೆ ಕಾಯಬೇಕು. ಡ್ರಾದಲ್ಲಿ ಸಿಗದವರಿಗೆ ವರ್ಷಕ್ಕೊಂದು ಪಾಯಿಂಟ್ ಬರುತ್ತದೆ, ಪಾಯಿಂಟ್ ಹೆಚ್ಚಿದ್ದವರು ಸರತಿಯಲ್ಲಿ ಮುಂದೆ. ವಾಯವ್ಯ ಮೂಲೆಯ 2, 10, 201ನೇ ಯೂನಿಟ್ಟುಗಳಲ್ಲಿ ದೊಡ್ಡ ಗಂಡುಗಳಿವೆ, ಅಲ್ಲಿ ರೈಫಲ್ ಟ್ಯಾಗಿಗೆ 20 ವರ್ಷಕ್ಕೂ ಹೆಚ್ಚು ಕಾಯಬೇಕು. ಅಣ್ಣನ ಹತ್ತಿರ ಇದ್ದದ್ದು 3 ಪಾಯಿಂಟ್. ಅಷ್ಟೇ ಅಲ್ಲದೆ ಅರ್ಜಿದಾರರು ಹೆಚ್ಚಿದಂತೆ ಬೇಕಾದ ಪಾಯಿಂಟೂ ಏರುತ್ತದೆ. ನಾವು ನಡೆದಷ್ಟೂ ಬಸ್‌ಸ್ಟ್ಯಾಂಡ್ ಮುಂದಕ್ಕೆ ಸರಿದ ಹಾಗೆ.

ಆ ಯೂನಿಟ್ಟುಗಳ ಕೊಂಬು ದೊಡ್ಡದಾಗಲು ಕಾರಣ ಸರಳ. ಎಲ್ಕ್ ಪ್ರತಿ ವರ್ಷ ಕೊಂಬು ಉದುರಿಸಿ ಹೊಸದು ಬೆಳೆಸುತ್ತದೆ. ಒಂದು ವರ್ಷದ ಗಂಡಿಗೆ ಸಾಮಾನ್ಯವಾಗಿ ಕವಲಿಲ್ಲದ ಕಡ್ಡಿಯಂಥ ಕೊಂಬು. ಪೂರ್ತಿ ಕೊಂಬು ಕಾಣಬೇಕೆಂದರೆ ಅದು ಎಂಟು-ಹತ್ತು ವರ್ಷ ಬದುಕಿರಬೇಕು, ಆ ವರ್ಷಗಳಲ್ಲಿ ಮೇವು ಚೆನ್ನಾಗಿರಬೇಕು. ಟ್ಯಾಗು ಸುಲಭವಾಗಿ ಸಿಗುವ ಕಡೆ ಜನ ಬಹಳ, ಗಂಡುಗಳು ಎರಡು-ಮೂರು ವರ್ಷಕ್ಕೇ ಬೀಳುತ್ತವೆ. ಟ್ಯಾಗು ಕಡಿಮೆ ಕೊಡುವ ಕಡೆ ಅವು ಮುದಿಯಾಗುತ್ತವೆ. ಬೇಟೆಗಾರ ಯೂನಿಟ್ ಆರಿಸುವಾಗ ಇವೆರಡರಲ್ಲಿ ಒಂದನ್ನು ಆರಿಸುತ್ತಾನೆ: ಪ್ರತಿ ವರ್ಷ ಕಾಡಿಗೆ ಹೋಗುವುದು, ಅಥವಾ ದೊಡ್ಡ ಕೊಂಬಿಗಾಗಿ ಅರ್ಧ ಆಯುಷ್ಯ ಕಾಯುವುದು. ಎರಡೂ ಬೇಕೆನ್ನುವವನಿಗೆ ರ‍್ಯಾಂಚಿನವರು ಬಾಗಿಲು ತೆರೆದು ಕೂತಿರುತ್ತಾರೆ.

ಕೊಂಬನ್ನು ಅಲ್ಲಿ ಅಂಕದಲ್ಲಿ ಅಳೆಯುತ್ತಾರೆ. ಥಿಯೋಡರ್ ರೂಸ್‌ವೆಲ್ಟ್ ಮುಂದಾಗಿ 1887ರಲ್ಲಿ ಸ್ಥಾಪಿಸಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬಿನ ಪದ್ಧತಿ ಅದು. ಮುಖ್ಯ ಕೊಂಬಿನ ಉದ್ದ, ಒಂದೊಂದು ಕವಲಿನ ಉದ್ದ, ಸುತ್ತಳತೆ, ಒಳ ಅಗಲ ಎಲ್ಲವನ್ನೂ ಇಂಚಿನಲ್ಲಿ ಕೂಡಿ, ಎಡಬಲಗಳ ವ್ಯತ್ಯಾಸವನ್ನು ಕಳೆಯುತ್ತಾರೆ. 375 ಬಂದರೆ ಅವರ ಸಾರ್ವಕಾಲಿಕ ದಾಖಲೆಯಲ್ಲಿ ಹೆಸರು. ಅಣ್ಣನ ಫೋನಿನಲ್ಲಿದ್ದ ಚಿತ್ರಗಳೆಲ್ಲ ಆ ಜಾತಿಯವು. ಆದರೆ ಎಲ್ಲರೂ ಹೋಗಬಹುದಾದ ಸರ್ಕಾರಿ ಕಾಡಿನಲ್ಲಿ ಬೀಳುವ ಒಳ್ಳೆಯ ಆರು ಕವಲಿನ ಗಂಡು 260ರಿಂದ 300ರ ಆಸುಪಾಸು. ಅದೂ ಬಿದ್ದರೆ! ಅಲ್ಲಿ ಎಲ್ಕ್ ಬೇಟೆಗೆ ಹೋದ ಐವರಲ್ಲಿ ಸುಮಾರು ಒಬ್ಬನಿಗೆ ಮಾತ್ರ ಏನಾದರೂ ಸಿಗುತ್ತದೆ, ಹೆಣ್ಣು, ಮರಿಗಂಡು ಎಲ್ಲ ಸೇರಿ. ಎರಡು ಸಲ ಬರಿಗೈಯಲ್ಲಿ ಬಂದ ನಮ್ಮಣ್ಣ ಆ ಲೆಕ್ಕದಲ್ಲಿ ಬಹುಮತದವನು.

ಇದನ್ನು ಹೇಳಿದಾಗ ಅವನಿಗೆ ಸಮಾಧಾನವಾಗಲಿಲ್ಲ. “ಅಜ್ಜನ ಕಾಲದಾಗ ಇಲ್ಲೇ ಸಂಡೂರು ಗುಡ್ಡದಾಗ ಎಂಥೆಂಥ ಕಡವಿ ಇದ್ದವು” ಅಂದ.

ಆ ಕಡವೆಯ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಸಂಡೂರು ಇನ್ನೂ ಘೋರ್ಪಡೆಯವರ ಸಂಸ್ಥಾನವಾಗಿದ್ದ ಕಾಲ, ಅಂದರೆ 1949ಕ್ಕೆ ಮುಂಚೆ. ಅಜ್ಜ ಹದಿನಾಲ್ಕು ಹದಿನೈದರ ಹುಡುಗ. ಯಾರೋ ದೊಡ್ಡವರು ಶಿಕಾರಿಗೆ ಬಂದಾಗ ಪೊದೆ ಬಡಿದು, ತಮಟೆ ಬಾರಿಸಿ, ಪ್ರಾಣಿಯನ್ನು ಬಂದೂಕಿನ ಕಡೆಗೆ ಎಬ್ಬಿಸುವ ಆಳುಗಳಲ್ಲಿ ಅವನೂ ಒಬ್ಬ. ಎರಡನೆಯ ದಿನ ಒಂದು ಗಂಡು ಕಡವೆ ಬಿತ್ತು. ಅದರ ಕೊಂಬು ಎಷ್ಟಿತ್ತು? ಚಿಕ್ಕಪ್ಪ ಹೇಳುವಾಗ ಎರಡೂ ಕೈ ಅಗಲಿಸುತ್ತಾರೆ. ಅಣ್ಣ ಅದನ್ನು ಅಮೆರಿಕಕ್ಕೆ ಒಯ್ಯುವಷ್ಟರಲ್ಲಿ ಅದು ಆಳೆತ್ತರವಾಗಿತ್ತು. ಅಜ್ಜ ಬದುಕಿದ್ದಾಗ ಹೇಳುತ್ತಿದ್ದದ್ದು ಮಾತ್ರ ಒಂದೇ ಮಾತು, “ಎಲ್ಡು ಮೊಳ ಇತ್ತು.” ಹೇಳುವಾಗ ಮೊಣಕೈಯಿಂದ ಬೆರಳ ತುದಿಯವರೆಗೆ ಎರಡು ಸಲ ಅಳೆದು ತೋರಿಸುತ್ತಿದ್ದ.

ಮೊಳಕ್ಕೆ ಸುಮಾರು 18 ಇಂಚು. ಎರಡು ಮೊಳ 36 ಇಂಚು. ನಾನು ಓದಿದ ಶಿಕಾರಿ ಬರಹಗಳಿಗೆ ಹೋಲಿಸಿದರೆ ದಕ್ಷಿಣದ ಕಡವೆಗೆ ಇದು ಒಳ್ಳೆಯ, ನಂಬುವಂಥ ಅಳತೆ. 40 ಇಂಚು ದಾಟಿದರೆ ಬರೆದವರು ಅದಕ್ಕೆಂದೇ ಪುಟ ಮೀಸಲಿಡುತ್ತಾರೆ. ಲಂಡನ್ನಿನ ರೋಲೆಂಡ್ ವಾರ್ಡ್ 1892ರಿಂದ ಪ್ರಕಟಿಸಿದ ದಾಖಲೆ ಪುಸ್ತಕಗಳಲ್ಲಿ 50 ಇಂಚಿನ ಸುತ್ತಮುತ್ತಲಿನವೂ ಇವೆ, ಅವು ಮಧ್ಯಭಾರತದ ಕಾಡಿನವು. ಅಜ್ಜ ಕೊಂಬಿಗೆ ಒಂದು ಗೇಣೂ ಸೇರಿಸಿರಲಿಲ್ಲ. ಶಾಲೆ ಕಾಣದ ಹುಡುಗ ಹತ್ತಿರದಿಂದ ಕಂಡದ್ದನ್ನು ತನ್ನ ಕೈಯಲ್ಲಿ ಅಳೆದು, ಆ ಅಳತೆಯನ್ನು ಸಾಯುವವರೆಗೆ ಬದಲಾಯಿಸದೆ ಇಟ್ಟುಕೊಂಡಿದ್ದ.

ಅಳತೆ ಬೆಳೆಯುವುದು ಗೋಡೆಯ ಮೇಲೆ. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಬೇಟೆಯ ಸಾಲುಗಳಿವೆ. ಈಟಿ ಹಿಡಿದವರು, ನಾಯಿಗಳು, ಓಡುವ ಜಿಂಕೆಗಳು. ದಿನವಿಡೀ ಅಲೆದು ಏನೂ ಸಿಗದೆ ಮರದ ಕೆಳಗೆ ಕೂತವನನ್ನು ನಾನು ಅಲ್ಲಿ ಹುಡುಕಿದ್ದೇನೆ, ನನಗೆ ಕಂಡಿಲ್ಲ. ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆ ಸುಮಾರು ಒಂದು ಶತಮಾನ ಕಾಲ ದೇಶದ ಎಲ್ಲೆಡೆಯಿಂದ ಬಂದ ತಲೆ, ಚರ್ಮಗಳನ್ನು ಹದಮಾಡಿ ಅರಮನೆಗಳ ಗೋಡೆಗೆ ಕಳಿಸಿತು. ಅಷ್ಟು ದೂರ ಕಳಿಸಿ, ಅಷ್ಟು ದುಡ್ಡು ಕೊಟ್ಟು ಹದಮಾಡಿಸುವುದು ಒಳ್ಳೆಯದನ್ನೇ ತಾನೆ? ಸಾಧಾರಣ ಕೊಂಬುಗಳು ಎಲ್ಲೋ ಅಟ್ಟದ ಮೇಲೆ ಗೆದ್ದಲು ತಿಂದವು. ನೂರು ವರ್ಷದ ನಂತರ ಗೋಡೆ ನೋಡುವವನಿಗೆ ಆ ಕಾಲದ ಕಡವೆಗಳೆಲ್ಲ ದೈತ್ಯರಂತೆ ಕಾಣುತ್ತವೆ. ಅಣ್ಣನ ಫೋನೂ ಅಂಥದ್ದೇ ಒಂದು ಗೋಡೆ.

ಜಾಗ ಆರಿಸುವ ಕಷ್ಟ ಆ ಕಾಲಕ್ಕೂ ಇತ್ತು. ನೀಲಗಿರಿಯಲ್ಲಿ ಕಡವೆಗಳು ಕಡಿಮೆಯಾದವೆಂದು ಶಿಕಾರಿಗಳೇ 1877ರಲ್ಲಿ ಸಂಘ ಕಟ್ಟಿದರು, 1879ರಲ್ಲಿ ಕಾಯ್ದೆ ಬಂತು. ಮೈಸೂರು ಸಂಸ್ಥಾನದಲ್ಲಿ 1901ರಲ್ಲಿ. ಸ್ವಾತಂತ್ರ್ಯದ ನಂತರವೂ ಅರಣ್ಯ ಇಲಾಖೆಗಳು ಕಾಡನ್ನು ಶೂಟಿಂಗ್ ಬ್ಲಾಕುಗಳಾಗಿ ಹಂಚಿ, ಇಷ್ಟು ದಿನಕ್ಕೆ ಇಷ್ಟು ಪ್ರಾಣಿ ಎಂದು ಪರವಾನಗಿ ಕೊಡುತ್ತಿದ್ದವು, ಇಂದಿನ ಕೊಲೊರಾಡೊದ ಹಾಗೆಯೇ. 1972ರ ವನ್ಯಜೀವಿ ಕಾಯ್ದೆ ಬಂದಾಗಲೂ ಕಡವೆ ಲೈಸೆನ್ಸಿನ ಮೇಲೆ ಹೊಡೆಯಬಹುದಾದ ಪ್ರಾಣಿಗಳ ಪಟ್ಟಿಯಲ್ಲಿತ್ತು. ಆ ಬಾಗಿಲು ಪೂರ್ತಿ ಮುಚ್ಚಿದ್ದು 1991ರ ತಿದ್ದುಪಡಿಯಲ್ಲಿ. ಈಗ ಹಳೆಯ ಕೊಂಬನ್ನು ಪ್ರಮಾಣಪತ್ರವಿಲ್ಲದೆ ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಲಾಕೆಟ್ಟಿನ ಪ್ರಕರಣ ಟಿ.ವಿ.ಯಲ್ಲಿ ಬಂದಾಗ ಎಷ್ಟೋ ಹಳೆಯ ಮನೆಗಳ ಗೋಡೆಗಳು ರಾತ್ರೋರಾತ್ರಿ ಖಾಲಿಯಾದವಂತೆ.

ನಮ್ಮ ಮನೆಗೆ ಆ ಭಯವಿರಲಿಲ್ಲ. ಕೊಂಬು ನಮ್ಮ ಮನೆಗೆ ಬರಲೇ ಇಲ್ಲ. ಅದು ಬಂದೂಕು ಹಿಡಿದವರ ಗೋಡೆಗೆ ಹೋಯಿತು. ಅಜ್ಜನಿಗೆ ಸಿಕ್ಕಿದ್ದು ಒಂದು ಪಾಲು ಮಾಂಸ. ಅದನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ ತಂದದ್ದನ್ನೂ, ಅವರವ್ವ ಉಳಿದದ್ದನ್ನು ಉಪ್ಪು ಹಚ್ಚಿ ಒಣಹಾಕಿದ್ದನ್ನೂ ಅಜ್ಜ ಕೊಂಬಿಗಿಂತ ಹೆಚ್ಚು ಹೊತ್ತು ಹೇಳುತ್ತಿದ್ದ. ಓಣಿಯ ಮನೆಮನೆಗೂ ಒಂದಿಷ್ಟು ಹೋಯಿತಂತೆ. ಎಬ್ಬಿಸಿದ ನಾಯಿಗೂ ಪಾಲಿತ್ತಂತೆ. ಶಿಕಾರಿ ಪುಸ್ತಕಗಳಲ್ಲಿ ಈ ಪಾಲಿನ ವಿಷಯ ಒಂದು ಸಾಲಿಗಿಂತ ಹೆಚ್ಚು ಬರುವುದು ಅಪರೂಪ. ಪೊದೆ ಬಡಿದವರ ಹೆಸರೂ ಹಾಗೆಯೇ. ನನ್ನ ಪ್ರಬಂಧದ ಮೂರನೇ ಅಧ್ಯಾಯ ಆ ಒಂದೊಂದು ಸಾಲನ್ನು ಹೆಕ್ಕುವ ಕೆಲಸ.

ಕೊಲೊರಾಡೊದ ಕಾನೂನು ಇಲ್ಲಿ ನನಗೆ ಇಷ್ಟವಾಯಿತು. ಕೊಂಬು ಮಾತ್ರ ಕಡಿದುಕೊಂಡು ಮಾಂಸವನ್ನು ಕಾಡಿನಲ್ಲಿ ಬಿಟ್ಟುಬಂದರೆ ಅಲ್ಲಿ ಅದು ದೊಡ್ಡ ಅಪರಾಧ. ಗಂಡು ಎಲ್ಕ್ ಮುನ್ನೂರು ಕೆ.ಜಿ.ಯ ಪ್ರಾಣಿ. ಎಲುಬು ಬಿಡಿಸಿದರೂ ಎಂಬತ್ತು-ನೂರು ಕೆ.ಜಿ. ಮಾಂಸ. ಒಬ್ಬನೇ ಬೆನ್ನಿಗೆ ಹೊತ್ತು ತರಬೇಕೆಂದರೆ ನಾಲ್ಕೈದು ಸಲ ಹತ್ತಿಳಿಯಬೇಕು, ಎಂಟು-ಹತ್ತು ಸಾವಿರ ಅಡಿ ಎತ್ತರದಲ್ಲಿ. ಹೆಚ್ಚಿನವರು ರಸ್ತೆಯಿಂದ ದೂರ ಹೋಗುವುದಿಲ್ಲ, ಎಲ್ಕ್‌ಗಳು ಅಲ್ಲಿಂದ ದೂರ ಹೋಗಿರುತ್ತವೆ ಅಥವಾ ಖಾಸಗಿ ಜಮೀನಿಗೆ ಇಳಿದಿರುತ್ತವೆ. ಹಾಗಾಗಿ ಯೂನಿಟ್ ಆರಿಸುವವನು ಕೊಂಬಿನ ಚಿತ್ರಕ್ಕಿಂತ ಮೊದಲು ಇವನ್ನು ನೋಡಬೇಕು: ಸರ್ಕಾರಿ ಕಾಡು ಎಷ್ಟಿದೆ, ಹಿಮ ಬಿದ್ದರೆ ಹಿಂಡು ಯಾವ ಕಣಿವೆಗೆ ಇಳಿಯುತ್ತದೆ, ಆ ಕಣಿವೆ ಯಾರದ್ದು, ಬೇಸಿಗೆಯಲ್ಲಿ ಎರಡು-ಮೂರು ಸಲ ಹೋಗಿ ನೋಡಿ ಬರುವಷ್ಟು ಹತ್ತಿರವಿದೆಯೇ, ಬಿದ್ದದ್ದನ್ನು ಹೊತ್ತು ತರಲು ತನ್ನ ಮಂಡಿಗೆ ಶಕ್ತಿಯಿದೆಯೇ. ಇಷ್ಟನ್ನೂ ಬರೆದು ಅಣ್ಣನಿಗೆ ಕಳಿಸಿದೆ. ಕೊನೆಯಲ್ಲಿ ಅಜ್ಜನ ಎರಡು ಮೊಳದ ಲೆಕ್ಕವನ್ನೂ ಬರೆದೆ.

ನಾಲ್ಕು ದಿನ ಉತ್ತರ ಬರಲಿಲ್ಲ. ಐದನೆಯ ದಿನ ಒಂದೇ ಪ್ರಶ್ನೆ: “ಅಜ್ಜ ಕೊಂಬು ಬೇಕಾಗಿತ್ತು ಅಂತ ಯಾವತ್ತರ ಅಂದಿದ್ನಾ?” ನನಗೆ ನೆನಪಿದ್ದಂತೆ ಇಲ್ಲ. ಅಪ್ಪನನ್ನು ಕೇಳಿದೆ. ಅಪ್ಪ ನಕ್ಕು, “ಆ ಪಾಲು ಇನ್ನೊಂದಿಷ್ಟು ಬೇಕಿತ್ತು ಅಂತಿದ್ದ” ಅಂದರು.

ಏಪ್ರಿಲಿನಲ್ಲಿ ಅಣ್ಣ ವೈಟ್ ರಿವರ್ ಕಡೆಯ ಒಂದು ಯೂನಿಟ್ಟಿಗೆ ಹೆಣ್ಣು ಎಲ್ಕಿನ ಟ್ಯಾಗಿಗೆ ಅರ್ಜಿ ಹಾಕಿದ. ರಾಜ್ಯದ ಅತಿ ದೊಡ್ಡ ಹಿಂಡು ಇರುವುದು ಆ ಕಡೆ. ಹೆಣ್ಣಿನ ಟ್ಯಾಗಿಗೆ ಪಾಯಿಂಟೂ ಅಷ್ಟಾಗಿ ಬೇಡ, ಡೆನ್ವರಿನಿಂದ ಮೂರು-ನಾಲ್ಕು ಗಂಟೆಯ ದಾರಿ. ಜೂನಿನಲ್ಲಿ ಟ್ಯಾಗು ಬಂತು. ಚಿಕ್ಕಪ್ಪನಿಗೆ ಇದನ್ನು ಹೇಳುವ ಕೆಲಸ ನನ್ನ ಪಾಲಿಗೆ ಬಂತು. “ಹೆಣ್ಣಿಗೆ ಕೊಂಬು ಇರಂಗಿಲ್ಲಲ್ಲ” ಅಂದರು. ಇರುವುದಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸ್ಲ್ಯಾಬಿನ ದುಡ್ಡು ಯಾವಾಗ ಬರುತ್ತದೆ ಎಂದು ಕೇಳಿದರು.

ಆ ಮಳೆಗಾಲದಲ್ಲಿ ನಾನು ರಾಮನದುರ್ಗದ ಕಡೆ ಒಂದು ದಿನ ನಡೆದುಬಂದೆ. ಸಂಡೂರಿನ ಗುಡ್ಡಗಳಲ್ಲಿ ಒಂದು ಮಗ್ಗುಲು ಹಸಿರು, ಇನ್ನೊಂದು ಮಗ್ಗುಲು ಅದಿರು ತೆಗೆದ ಕೆಂಪು ಮೆಟ್ಟಿಲುಗಳು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಆಮೇಲೆ ಲಾರಿಗಳು ಮತ್ತೆ ಓಡಾಡತೊಡಗಿದವು. ಇಲ್ಲಿ ಏನನ್ನು ನಿರೀಕ್ಷಿಸಬಹುದು ಎಂದು ಯಾರಾದರೂ ಕೇಳಿದರೆ ನಾನು ಕೊಡುವ ಅಂದಾಜು ಚಿಕ್ಕದು: ಕರಡಿಯ ಹೆಜ್ಜೆ, ನವಿಲು, ಅದೃಷ್ಟವಿದ್ದರೆ ಚಿರತೆ ಕೆರೆದ ಮರ. ಕಡವೆಯ ಗೊರಸಿನ ಗುರುತು ಕಂಡರೆ ಅದನ್ನು ಬೆರಳಿನಲ್ಲಿ ಅಳೆದು ಬರೆದಿಡಬೇಕು ಎಂದುಕೊಂಡು ಹೋಗಿದ್ದೆ. ಅವತ್ತು ಕಾಣಲಿಲ್ಲ. ಆ ದಿನದ ಟಿಪ್ಪಣಿಯಲ್ಲಿ ಅದನ್ನೂ ಬರೆದಿದ್ದೇನೆ.