ಪಿನಾಕಿನಿಗೆ ಇಳಿಯುವ ಮುನ್ನ

ಬೆಂಗಳೂರಿಗೆ ತನ್ನದೆಂಬ ದೊಡ್ಡ ನದಿಯಿಲ್ಲ. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲೆತ್ತಿ ತಂದು, ಬಳಸಿ, ಕೊಳೆ ಮಾಡಿ ಎರಡು ದಿಕ್ಕಿಗೆ ಬಿಡುವ ಊರಿದು. ಪಶ್ಚಿಮಕ್ಕೆ ಹರಿದದ್ದು ವೃಷಭಾವತಿ, ಅರ್ಕಾವತಿಗಳ ಮೂಲಕ ಮತ್ತೆ ಕಾವೇರಿಯನ್ನೇ ಸೇರುತ್ತದೆ. ಪೂರ್ವಕ್ಕೆ ಹರಿದದ್ದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಗೆ. ಈ ಪೂರ್ವದ ನೀರಿನ ಬೆನ್ನುಹತ್ತಿ ಹೊರಟವನು ಮೊದಲು ಅನುಮತಿ ಪಡೆದು ಹೊಕ್ಕದ್ದು ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಣ ಘಟಕವನ್ನು.

ವಾಸನೆಯ ಬಹುಪಾಲು ಬಾಗಿಲಲ್ಲೇ. ಕಬ್ಬಿಣದ ಜಾಲರಿಗೆ ಶ್ಯಾಂಪೂ ಪೊಟ್ಟಣ, ಬಟ್ಟೆ ಚೂರು, ಬಾಡಿದ ಸೇವಂತಿಗೆ ಸಿಕ್ಕಿಕೊಂಡಿದ್ದವು. ಆಮೇಲೆ ಮರಳು ಕೂರುತ್ತದೆ, ಕೆಸರು ಕೂರುತ್ತದೆ. ನಾನು ಹೆಚ್ಚು ಹೊತ್ತು ನಿಂತದ್ದು ಗಾಳಿ ಊದುವ ತೊಟ್ಟಿಯ ಅಂಚಿನಲ್ಲಿ. ತಳದಿಂದ ಬ್ಲೋವರ್ ಗಾಳಿ ನುಗ್ಗಿಸುತ್ತಿದ್ದರೆ ಕಂದು ನೀರು ಗಂಜಿಯಂತೆ ಉಕ್ಕುತ್ತಿರುತ್ತದೆ. ಇಲ್ಲಿ ದುಡಿಯುವುದು ಬ್ಯಾಕ್ಟೀರಿಯಾ. ಕೊಳೆ ತಿಂದು, ಬೆಳೆದು, ಗುಂಪುಗಟ್ಟಿ ಮುಂದಿನ ತೊಟ್ಟಿಯಲ್ಲಿ ತಳ ಸೇರುತ್ತವೆ. ಒಂದು ಪಾಲನ್ನು ಮತ್ತೆ ಹಿಂದಕ್ಕೆ, ಹೊಸ ಕೊಳೆಯ ಮೇಲೆ ಬಿಡುತ್ತಾರೆ.

“ಕರೆಂಟು ಹೋಗಿ ಗಾಳಿ ನಿಂತ್ರೆ ಇವು ಸತ್ತೇ ಹೋಗ್ತವೆ ಸರ್. ನಮ್ಮ ಟೆನ್ಷನ್ನೆಲ್ಲ ಅದೇ,” ಎಂದರು ಪಾಳಿಯ ಆಪರೇಟರ್.

ಹಸಿ ಕೊಳಚೆ ನೇರ ನದಿಗಿಳಿದರೂ ಬ್ಯಾಕ್ಟೀರಿಯಾ ಅದನ್ನು ತಿನ್ನುತ್ತವೆ, ಆದರೆ ನದಿಯ ಆಮ್ಲಜನಕವನ್ನು ಬಳಸಿ. ಮೀನು ಉಸಿರುಗಟ್ಟಿ ತೇಲುವುದು ಹಾಗೆ. ಆ ಊಟವನ್ನು ಇಲ್ಲೇ ಮುಗಿಸಿ ಕಳಿಸುವುದಷ್ಟೇ ಘಟಕದ ಕೆಲಸ. ಗಾಳಿ ಊದಿ, ಕೂತ ಕೆಸರನ್ನು ಮರಳಿ ಬಿಡುವ ಈ ವಿಧಾನ 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡೆರ್ನ್ ಮತ್ತು ಲಾಕೆಟ್ ಕಂಡುಕೊಂಡದ್ದು. ಅವರಿಗೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್ ಕೆಲವೇ ವರ್ಷಗಳಲ್ಲಿ ಬೆಂಗಳೂರಿಗೇ ಬಂದು, ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜೀವರಸಾಯನ ಕಲಿಸಿದರು. ಅಂಥ ಊರಿನ ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿ ನೊರೆಗೆ ಬೆಂಕಿ ಹತ್ತಿಕೊಂಡಿತು!

ಘಟಕದಿಂದ ಹೊರಬಿದ್ದ ನೀರಿಗೀಗ ಕೋಲಾರದ ದಾರಿ. ಇಲ್ಲಿಂದಲೂ ಅಕ್ಕಪಕ್ಕದ ಘಟಕಗಳಿಂದಲೂ ದಿನಕ್ಕೆ 44 ಕೋಟಿ ಲೀಟರ್ ಪಂಪು ಮಾಡುವ ಯೋಜನೆ. ಹೊಸಕೋಟೆ, ನರಸಾಪುರ ದಾಟಿ ಲಕ್ಷ್ಮೀಸಾಗರ ಕೆರೆಯ ಏರಿ ಹತ್ತಿದೆ. 2018ರ ಜೂನ್‌ನಲ್ಲಿ ಮೊದಲು ನೀರು ಬಿದ್ದದ್ದು ಇಲ್ಲಿಗೆ. ಮರುತಿಂಗಳೇ ನೊರೆ ಎದ್ದು ಹೈಕೋರ್ಟ್ ತಡೆಯೊಡ್ಡಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ ನೀರು ಮತ್ತೆ ಹರಿಯಿತು. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಮುಂದಿನದಕ್ಕೆ. ಅಂತರ್ಜಲಕ್ಕೆ ಇಂಗಲೆಂದು ಬಿಟ್ಟ ನೀರು, ಮೋಟಾರ್ ಇಟ್ಟು ಎತ್ತುವಂತಿಲ್ಲ.

ಏರಿಯ ಮೇಲೆ ಹಸು ಹೊಡೆದುಕೊಂಡು ಬಂದ ಹಿರಿಯರನ್ನು ಕೇಳಿದೆ. “ಬೋರಲ್ಲಿ ನೀರು ಬಂತಪ್ಪ, ಸುಳ್ಳು ಹೇಳಬಾರ್ದು. ಟೊಮೇಟೊ ಇಟ್ಟಿದ್ದೀವಿ. ಕುಡಿಯೋಕೆ ಮಾತ್ರ ಕ್ಯಾನ್ ನೀರೇ.”

ಅವರ ಅನುಮಾನ ನ್ಯಾಯವಾದದ್ದು. ಬ್ಯಾಕ್ಟೀರಿಯಾ ದುಡಿಯುವ ಎರಡನೇ ಹಂತದ ಶುದ್ಧೀಕರಣದಲ್ಲಿ ರಂಜಕ, ಸಾರಜನಕ ಪೂರ್ತಿ ಹೋಗುವುದಿಲ್ಲ. ಅವನ್ನೂ ತೆಗೆಯುವ ಮೂರನೇ ಹಂತವೂ ಆಗಲೆಂದು ಈ ಜಿಲ್ಲೆಯವರು ಮೊದಲಿಂದ ಕೇಳುತ್ತಲೇ ಇದ್ದಾರೆ.

ಅಲ್ಲಿಂದ ಮಾಲೂರಿನ ಮೇಲೆ ಹೊಸೂರಿಗೆ ಇಳಿದು, ಕೆಲವರಪಳ್ಳಿ ಅಣೆಕಟ್ಟಿನಲ್ಲಿ ಪಿನಾಕಿನಿಯನ್ನೇ ಕಂಡೆ. ಗೇಟಿನ ಕೆಳಗೆ ಬಿಳಿ ನೊರೆ. ಇದೇ ನೀರು ತೆನ್‌ಪೆಣ್ಣೈ ಎನಿಸಿಕೊಂಡು ಕೃಷ್ಣಗಿರಿ, ಸಾತನೂರು ಅಣೆಕಟ್ಟುಗಳನ್ನು ದಾಟಿ ಕಡಲೂರಿನ ಬಳಿ ಸಮುದ್ರ ಸೇರಬೇಕು.

ಕೋಲಾರಕ್ಕೆ ಹೋದಷ್ಟು ನೀರು ಕೊಳಚೆಯಾಗಿ ನದಿಗಿಳಿಯಲಿಲ್ಲ ಎಂಬುದು ಲಾಭವೇ. ಆದರೆ ಒಳಚರಂಡಿ ಸೇರದೆ ಮಳೆನೀರಿನ ರಾಜಕಾಲುವೆಗೆ ನುಗ್ಗುವ ಕೊಳಚೆಗೆ ಎಷ್ಟು ಒಳ್ಳೆಯ ಘಟಕ ಕಟ್ಟಿದರೂ ಅಷ್ಟೆ. ಮೊದಲು ಆ ಮನೆ, ಅಪಾರ್ಟ್‌ಮೆಂಟು, ಕಾರ್ಖಾನೆಗಳ ಪೈಪು ಒಳಚರಂಡಿಗೆ ಕೂಡಬೇಕು, ಕೋಲಾರಕ್ಕೆ ಮೂರನೇ ಹಂತದ ನೀರು ಸಿಗಬೇಕು. ಅಲ್ಲಿಯವರೆಗೆ ಇದನ್ನು ಅರ್ಧ ಕೆಲಸವೆಂದೇ ಲೆಕ್ಕ ಹಾಕಬೇಕು.