ಕುಸ್ವಾರ್ ತಯಾರಿಯ ದಿನಗಳು

ಡಿಸೆಂಬರ್ 25 ಹತ್ತಿರವಾದಂತೆ ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಎಣ್ಣೆಯ ಬಾಣಲೆಗೆ ಬಿಡುವಿಲ್ಲ. ಕ್ರಿಸ್‌ಮಸ್ ತಿಂಡಿಗಳಿಗೆಲ್ಲ ಸೇರಿ ಕೊಂಕಣಿಯಲ್ಲಿ ಕುಸ್ವಾರ್ ಎನ್ನುತ್ತಾರೆ. ಎಳ್ಳು, ಕೊಬ್ಬರಿ, ಸಕ್ಕರೆ, ಏಲಕ್ಕಿ ತುಂಬಿದ ನೆವ್ರಿ; ಕಾದ ಅಚ್ಚನ್ನು ಹಿಟ್ಟಿಗೆ ಅದ್ದಿ ಎಣ್ಣೆಯಲ್ಲಿ ಬಿಡಿಸುವ ರೋಸ್ ಕುಕೀಸ್. ಕಿಡಿಯೊ ಮಾಡುವಾಗಲಂತೂ ಮಕ್ಕಳೂ ಸುತ್ತ ಕೂರುತ್ತಾರೆ: ಹಿಟ್ಟಿನ ಪುಟ್ಟ ಉಂಡೆಯನ್ನು ಫೋರ್ಕಿನ ಇಲ್ಲವೇ ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಬೇಕು, ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಬೇಕು. ಅಜ್ಜಿಯ ಕೈಹದ ಮೊಮ್ಮಗಳಿಗೆ ದಾಟುವುದು ಇಲ್ಲೇ.

ಈಗ ಬೇಕರಿಗಳಲ್ಲೇ ಕುಸ್ವಾರ್ ಪೊಟ್ಟಣ ಸಿಗುತ್ತದೆ. ಹಾಗಿದ್ದೂ ಒಂದೆರಡು ಬಗೆಯನ್ನಾದರೂ ಮನೆಯಲ್ಲೇ ಕರಿಯುವ ಹಠ ಹಲವರದು. ಆ ಹಠ ಉಳಿಯಲಿ!

ಹಬ್ಬದ ದಿನ ಇದೇ ತಿಂಡಿಯ ತಟ್ಟೆ ನೆರೆಯ ಹಿಂದೂ, ಮುಸ್ಲಿಂ ಮನೆಗಳಿಗೂ ಹೋಗುತ್ತದೆ. ದೀಪಾವಳಿಗೆ, ಈದ್‌ಗೆ ಅಲ್ಲಿಂದಲೂ ಸಿಹಿ ಬರುತ್ತದೆ.