ಒಂದೂಕಾಲು ಇಂಚು

ಆನೆಚೌಕೂರು ಗೇಟಿನಲ್ಲಿ ಅರಣ್ಯ ಇಲಾಖೆಯವರು ಕಾರಿನ ಹಿಂದಿನ ಸೀಟಿಗೆ ಟಾರ್ಚ್ ಬಿಟ್ಟು, ‘ಇದೇನ್ ಸಾರ್?’ ಅಂದರು. ಹಳೇ ಬೆಡ್‌ಶೀಟ್ ಬಿಚ್ಚಿ ತೋರಿಸಿದೆ. ಪ್ಲೈವುಡ್ಡಿನ ಕೋವಿ! ಆತ ಎತ್ತಿ ನೋಡಿ, ನಕ್ಕು, ‘ಮಕ್ಕಳಿಗಾ?’ ಅಂದರು. ‘ಅಲ್ಲ, ಗೆಳೆಯನ ಅಪ್ಪನಿಗೆ’ ಅಂದೆ. ಆಮೇಲೆ ವಿವರಿಸೋಕೆ ಹತ್ತು ನಿಮಿಷ ಬೇಕಾಯಿತು.

ನಾನು ಬೆಂಗಳೂರಲ್ಲಿ ಮೆಷಿನ್ ಡಿಸೈನ್ ಮಾಡುವವನು. ಕೋವಿ ಮುಟ್ಟಿದವನೇ ಅಲ್ಲ. ಜೂನ್‌ನಲ್ಲಿ ಒಂದು ದಿನ ಆಫೀಸಿನ ಕೊಡವ ಗೆಳೆಯ ಕಾಫಿ ಹೊತ್ತಲ್ಲಿ, ‘ಅಪ್ಪ ಎರಡು ವರ್ಷದಿಂದ ಕೈಲ್ ಪೊಳ್ದ್‌ಗೆ ತೆಂಗಿನಕಾಯಿಗೆ ಗುಂಡು ಹೊಡೆದಿಲ್ಲ ಕಣೋ. ಕೋವಿ ಎತ್ತೋಕೇ ಆಗ್ತಿಲ್ಲ’ ಅಂದ. ಅಂಕಲ್‌ಗೆ 71. ಬಲಭುಜ ಹಿಡಿದುಕೊಂಡಿದೆ, ಎಡಗೈಯಲ್ಲಿ ಶಕ್ತಿ ಕಡಿಮೆ. ಅವರದು ಹಳೆಯ .22 ಬೋಲ್ಟ್ ಆ್ಯಕ್ಷನ್ ರೈಫಲ್, ಸುಮಾರು ಮೂರು ಕೆ.ಜಿ. ಒಮ್ಮೆ ಗುಂಡು ಹಾರಿಸಿದ ಮೇಲೆ ಬೋಲ್ಟ್ ಎಂಬ ಚಿಲಕವನ್ನು ಕೈಯಿಂದಲೇ ಎಳೆದು ತಳ್ಳಬೇಕು.

ಗೆಳೆಯ ಒಂದು ಚಿತ್ರ ತೋರಿಸಿದ. ಬುಲ್‌ಪಪ್ ಅಂತೆ. ಅದರಲ್ಲಿ ಟ್ರಿಗರ್ ಮುಂದಕ್ಕೆ ಹೋಗುತ್ತದೆ, ಗುಂಡು ಕೂರುವ ಭಾಗ ಹಿಂದೆ ಕೆನ್ನೆಯ ಪಕ್ಕಕ್ಕೆ ಬರುತ್ತದೆ. ನಳಿಗೆಯ ಉದ್ದ ಅಷ್ಟೇ ಇರುತ್ತದೆ, ಕೋವಿ ಮಾತ್ರ ಗಿಡ್ಡವಾಗುತ್ತದೆ, ಭಾರ ಎಲ್ಲಾ ಭುಜದ ಹತ್ತಿರ. ಐಡಿಯಾ ಹೊಸದೇನಲ್ಲ. 1901ರಲ್ಲೇ ಥಾರ್ನಿಕ್ರಾಫ್ಟ್ ಎಂಬಾತ ಬ್ರಿಟನ್ನಿನಲ್ಲಿ ಇಂಥ ಬೋಲ್ಟ್ ಆ್ಯಕ್ಷನ್ ಕೋವಿಗೆ ಪೇಟೆಂಟ್ ಪಡೆದಿದ್ದ. ಅದು ಸೇನೆಯ ಲೀ-ಎನ್‌ಫೀಲ್ಡ್‌ಗಿಂತ ಏಳೂವರೆ ಇಂಚು ಗಿಡ್ಡ. ಒದೆತ ಜಾಸ್ತಿ, ಹಿಡಿಯೋಕೆ ಅನುಕೂಲವಿಲ್ಲ ಅಂತ ಸೇನೆ ಬೇಡ ಅಂದಿತು. .22ರಲ್ಲಿ ಒದೆತವೇ ಇಲ್ಲವಲ್ಲ, ನಮಗೇನು ಚಿಂತೆ ಅಂದುಕೊಂಡೆ. ಗೆಳೆಯ ಕಳಿಸಿದ ಅಳತೆ ಇಟ್ಟುಕೊಂಡು ಎರಡು ತಿಂಗಳು ವೀಕೆಂಡ್‌ಗಳಲ್ಲಿ ಕೂತು ಹೊಸ ಹಿಡಿಯ ಡ್ರಾಯಿಂಗ್ ಮಾಡಿದೆ. ಮರಕ್ಕೆ ಕೈ ಹಾಕುವ ಮೊದಲು ಒಂದು ಪ್ಲೈವುಡ್ ಮಾದರಿ.

ಆಗಸ್ಟ್ ಮಧ್ಯದ ಮಳೆಯಲ್ಲಿ ತಿತಿಮತಿ, ಗೋಣಿಕೊಪ್ಪ ದಾಟಿ ವಿರಾಜಪೇಟೆ ಕಡೆ ಹೋದೆ. ಗದ್ದೆಗಳಲ್ಲಿ ನಾಟಿ ಮುಗಿಯುವ ಹಂತ. ಎಳೆ ಹಸಿರು, ಅದರಾಚೆ ಕಾಫಿ ತೋಟದ ಕಪ್ಪು ಹಸಿರು, ಮೇಲೆ ಮಂಜು. ಬೆಂಗಳೂರಿಂದ 240 ಕಿ.ಮೀ. ದೂರವೇ ಆದರೂ ಬೇರೇನೋ ದೇಶ ಅನ್ನಿಸುತ್ತೆ.

ಕೊಡಗಿನಲ್ಲಿ ಕೋವಿ ಅಂದರೆ ಮನೆಯ ಸದಸ್ಯನ ಹಾಗೆ. ಮಗು ಹುಟ್ಟಿದರೆ ಗುಂಡು, ಯಾರಾದರೂ ತೀರಿಕೊಂಡರೂ ಗುಂಡು. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಸಿಕ್ಕಿದ್ದು ಬ್ರಿಟಿಷರ ಕಾಲದಲ್ಲಿ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಆದರೆ ವಿನಾಯಿತಿ ಇರುವುದು ಇಟ್ಟುಕೊಳ್ಳೋದಕ್ಕೆ. ಕೋವಿ ಬಿಚ್ಚಿ ರಿಪೇರಿ ಮಾಡುವ ಅಂಗಡಿಗೆ ಬೇರೆ ಲೈಸೆನ್ಸ್ ಬೇಕು. ಹಾಗಾಗಿ ಮರುದಿನ ಬೆಳಿಗ್ಗೆ ಅಂಕಲ್, ಗೆಳೆಯ, ನಾನು, ರೈಫಲ್, ಅದರ ಕಾಗದ ಪತ್ರ, ಪ್ಲೈವುಡ್ ಮಾದರಿ ಎಲ್ಲಾ ಸೇರಿ ಅಂಥ ಒಂದು ಅಂಗಡಿಗೆ ಹೋದೆವು.

ಅಲ್ಲಿನ ಹಿರಿಯರು ನನ್ನ ಡ್ರಾಯಿಂಗ್ ನೋಡಲೇ ಇಲ್ಲ. ಮಾದರಿಯನ್ನು ಅಂಕಲ್ ಕೈಗೆ ಕೊಟ್ಟು, ‘ಎತ್ತಿ’ ಅಂದರು. ಅಂಕಲ್ ಸಲೀಸಾಗಿ ಎತ್ತಿದರು. ನನಗೆ ಖುಷಿಯೋ ಖುಷಿ.

‘ಈಗ ಬೋಲ್ಟ್ ಎಳೀರಿ.’

ಅಂಕಲ್ ಬಲಗೈಯನ್ನು ಟ್ರಿಗರ್ ಬಿಡಿಸಿ ಹಿಂದಕ್ಕೆ ತಂದರು. ಬೋಲ್ಟ್ ಈಗ ಕಿವಿಯ ಹತ್ತಿರ ಇತ್ತಲ್ಲ, ಮೊಣಕೈ ಮೇಲಕ್ಕೂ ಹಿಂದಕ್ಕೂ ಹೋಗಬೇಕು. ಅರ್ಧ ದಾರಿಯಲ್ಲೇ ಮುಖ ಹಿಂಡಿ ನಿಂತರು. ಡಾಕ್ಟರು ಯಾವ ಚಲನೆ ಆಗಲ್ಲ ಅಂದಿದ್ದರೋ, ನಾನು ಎರಡು ತಿಂಗಳು ಕೂತು ಅದನ್ನೇ ಡಿಸೈನ್ ಮಾಡಿದ್ದೆ! ಸ್ಕ್ರೀನ್ ಮೇಲೆ ಕೋವಿಯ ಪ್ರತಿ ಮಿಲಿಮೀಟರ್ ಇತ್ತು. ಅಂಕಲ್ ಭುಜ ಮಾತ್ರ ಇರಲಿಲ್ಲ.

ಹಿರಿಯರು ಬೈಯಲಿಲ್ಲ. ‘ಟ್ರಿಗರ್ ಮುಂದೆ ಹೋದರೆ ಹಿಂದಿನವರೆಗೆ ಸಲಾಕೆ ಹಾಕಬೇಕು ತಮ್ಮಾ. ಒತ್ತೋದು ಬಿಗಿ ಆಗುತ್ತೆ. ಗುರಿ ನೋಡುವ ಕಿಂಡಿ ಕಣ್ಣಿಗೆ ತೀರಾ ಹತ್ತಿರ ಬರುತ್ತೆ, ವಯಸ್ಸಾದ ಕಣ್ಣಿಗೆ ಕಾಣಲ್ಲ’ ಅಂದರು. ಆಮೇಲೆ ಅಂಕಲ್‌ಗೆ ಅವರದೇ ರೈಫಲ್ ಕೊಟ್ಟು, ಮೊಣಕೈ ಮಡಚಿಸಿ, ಟೇಪಿನಿಂದ ಅಳೆದರು. ‘ಇದು ನಿಮ್ಮ ನಲವತ್ತನೇ ವಯಸ್ಸಿನ ಅಳತೆ. ಒಂದೂಕಾಲು ಇಂಚು ತೆಗೆದರೆ ಸಾಕು. ಎಡ ಮೊಣಕೈ ಪಕ್ಕೆಗೆ ಒರಗುತ್ತೆ, ಭಾರ ಮೈ ಹೊರುತ್ತೆ.’

ಅಕ್ರೂಟ್ ಮರದ ಆ ಹಿಡಿಗೆ ಗರಗಸ ಇಟ್ಟಾಗ ಗೆಳೆಯ ಹೊರಗೆ ಹೋಗಿ ನಿಂತ. ಚಿಕ್ಕಂದಿನಲ್ಲಿ ಅದಕ್ಕೆ ಎಣ್ಣೆ ಒರೆಸುತ್ತಿದ್ದವನು ಅವನೇ. ನಳಿಗೆ ಮುಟ್ಟಲಿಲ್ಲ, ಹಿಡಿಯ ಹಿಂಭಾಗ ಮಾತ್ರ. ಹಿರಿಯರು ಕೊಯ್ದ ತುಂಡನ್ನು ಎಸೆಯದೆ, ಕಾಗದದಲ್ಲಿ ಸುತ್ತಿ ಅವನ ಕೈಗೇ ಕೊಟ್ಟರು.

ಸೆಪ್ಟೆಂಬರ್ 3ಕ್ಕೆ ಮತ್ತೆ ಹೋದೆ. ನಾಟಿ ಮುಗಿದ ಮೇಲೆ ಆಯುಧಗಳಿಗೆ ಪೂಜೆ ಮಾಡುವ ಹಬ್ಬವೇ ಕೈಲ್ ಪೊಳ್ದ್. ಐನ್‌ಮನೆಯ ನಡುಮನೆಯಲ್ಲಿ ತೂಗುದೀಪದ ಬಳಿ ಕೋವಿಗಳು ಸಾಲಾಗಿದ್ದವು, ನಳಿಗೆಗಳಿಗೆ ಕೆಂಪು-ಹಳದಿಯ ತೋಕ್ ಪೂ ಸಿಕ್ಕಿಸಿದ್ದರು. ಸಾಲಿನಲ್ಲಿ ಒಂದು ಸ್ವಲ್ಪ ಗಿಡ್ಡ. ಕಡಂಬುಟ್ಟು, ಪಂದಿ ಕರಿ ಊಟ ಮುಗಿಸಿ ಎಲ್ಲರೂ ಬಯಲಿಗೆ ಹೊರಟೆವು.

ಅಂಕಲ್ ನಿಂತರು. ಎಡ ಮೊಣಕೈ ಪಕ್ಕೆಗೆ ಒತ್ತಿಕೊಂಡು ರೈಫಲ್ ಎತ್ತಿದರು. ಮೊದಲ ಗುಂಡು ಹಾಗೇ ಹೋಯಿತು. ಬೋಲ್ಟ್ ಎಳೆದರು, ಕೈ ಸರಿಯಾಗಿ ಬಂತು. ಎರಡನೆಯದೂ ಹೋಯಿತು. ಮೂರನೆಯದಕ್ಕೆ ತೆಂಗಿನಕಾಯಿ ಒಂದು ಸುತ್ತು ತಿರುಗಿತು, ಸಿಪ್ಪೆಯ ನಾರು ಹಾರಿತು. ಹೊಡೆದ ಲೆಕ್ಕಕ್ಕೆ ಬರುತ್ತೋ ಇಲ್ಲವೋ ಅಂತ ಹುಡುಗರು ಜಗಳಕ್ಕೇ ಬಿದ್ದರು. ಅಂಕಲ್‌ಗೆ ಅದರ ಗೊಡವೆಯೇ ಇರಲಿಲ್ಲ, ರೈಫಲ್ ಇಳಿಸಿ ನಮ್ಮ ಕಡೆ ನೋಡಿ ನಗುತ್ತಿದ್ದರು.

ರಾತ್ರಿ ಗೆಳೆಯ ಆ ಮರದ ತುಂಡನ್ನು ದೀಪದ ಪಕ್ಕದ ಗೂಡಿನಲ್ಲಿಟ್ಟು, ‘ಕೋವಿ ನನ್ನ ಕೈಗೆ ಬಂದಾಗ ಇದನ್ನ ಮತ್ತೆ ಕೂರಿಸ್ತೀನಿ’ ಅಂದ.

ಅಂಕಲ್ ಕುರ್ಚಿಯಿಂದಲೇ, ‘ಇಟ್ಟಿರು. ಆದರೆ ಅಷ್ಟೊತ್ತಿಗೆ ನಿನಗೂ ಭುಜ ಹಿಡಿದಿರುತ್ತೆ’ ಅಂದರು.